ಕೋಲಾರದಲ್ಲಿ ಕರೆಂಟಿಗೆ ಹಾಕಿದ ಕಟ್ಟ

ಮಳೆಗಾಲದಲ್ಲಿ ಕಟಪಾಡಿಯಲ್ಲಿ ಕರೆಂಟು ಹೋದಾಗ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಎಲ್ಲೂರಿನಲ್ಲಿ ಅಷ್ಟು ದೊಡ್ಡ ಪವರ್ ಪ್ಲಾಂಟ್ ಉಂಟು, ನಮಗೇ ಕರೆಂಟಿಲ್ಲವಾ?"

ನ್ಯಾಯವಾದ ಪ್ರಶ್ನೆ. ಎಲ್ಲೂರು ಸ್ಥಾವರದ ಸಾಮರ್ಥ್ಯ 1,200 ಮೆಗಾವ್ಯಾಟ್. ಆದರೆ ಅಲ್ಲಿನ ಕರೆಂಟು ಕಾರ್ಕಳ ಕಡೆಯ ಕೆಮಾರಿಗೂ, ಘಟ್ಟ ಹತ್ತಿ ಹಾಸನಕ್ಕೂ ಹೋಗಿ ದೊಡ್ಡ ಜಾಲದಲ್ಲಿ ಬೆರೆಯುತ್ತದೆ. ಬೆರೆತ ಮೇಲೆ ಎಲ್ಲೂರಿನದು ಯಾವುದು, ಶರಾವತಿಯದು ಯಾವುದು ಎಂದು ಬೇರೆ ಮಾಡಲಾಗದು. (ತೆಂಗಿನ ಮಡಲು ಬಿದ್ದು ಮನೆ ಹತ್ತಿರದ ತಂತಿ ಕಡಿದರೆ ಎಲ್ಲೂರೂ ಏನೂ ಮಾಡಲಾರದು, ಅದು ಬೇರೆ ಮಾತು.)

ತೋಡಿಗೆ ಕಟ್ಟ ಹಾಕಿ ನೀರನ್ನು ಬೇಕಾದ ಗದ್ದೆಗೆ ತಿರುಗಿಸುತ್ತೇವಲ್ಲ, ಮಾಮೂಲಿ ಎಸಿ ಕರೆಂಟನ್ನು ಹಾಗೆ ತಿರುಗಿಸುವುದು ಸುಲಭವಲ್ಲ. ನಾಲ್ಕು ಲೈನ್ ಇದ್ದರೆ ನಾಲ್ಕರಲ್ಲೂ ಹರಿಯುತ್ತದೆ, ಅಡ್ಡಿ ಕಡಿಮೆ ಇರುವಲ್ಲಿ ಹೆಚ್ಚು. ಒಂದು ಲೈನ್ ಟ್ರಿಪ್ ಆದರೆ ಅದರ ಹೊರೆ ಆ ಕ್ಷಣವೇ ಉಳಿದವುಗಳ ಮೇಲೆ.

ಮೊದಲು ಈ ತಲೆನೋವು ಇರಲಿಲ್ಲ. 1902ರ ಜೂನ್ 30ರಂದು ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹರಿದಾಗ ಹೊರಡುವ ಜಾಗ ಒಂದು, ಸೇರುವ ಜಾಗ ಒಂದು. ದೂರ ಸುಮಾರು 147 ಕಿ.ಮೀ. ಆಗಿನ ಕಾಲಕ್ಕೆ ಜಗತ್ತಿನ ಅತಿ ಉದ್ದದ ಲೈನುಗಳಲ್ಲಿ ಅದೂ ಒಂದು. ಯೋಜನೆಗೆ ಬೆನ್ನೆಲುಬಾಗಿದ್ದ ದಿವಾನ್ ಶೇಷಾದ್ರಿ ಅಯ್ಯರ್ ಅದನ್ನು ನೋಡಲಿಲ್ಲ, 1901ರಲ್ಲೇ ತೀರಿಕೊಂಡಿದ್ದರು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ, ಗಣಿಗೆ ಬಂದ ಮೇಲೆ! ಯಾರಿಗೆ ಮೊದಲು ಎಂಬ ಜಗಳ ಎಲ್ಲೂರಿನಿಂದ ಶುರುವಾದದ್ದಲ್ಲ.

ಆ ಗಣಿ 2001ರಲ್ಲಿ ಮುಚ್ಚಿತು. ಎರಡೇ ವರ್ಷಕ್ಕೆ ಕೋಲಾರಕ್ಕೆ ಮತ್ತೊಂದು ಲೈನ್ ಬಂತು. ಒಡಿಶಾದ ತಾಲ್ಚೇರ್‌ನಿಂದ 1,300 ಕಿ.ಮೀ.ಗೂ ಉದ್ದ, 2,000 ಮೆಗಾವ್ಯಾಟ್ ಸಾಗಿಸುವ ಡಿಸಿ ಲೈನ್. ಅಲ್ಲಿ ಎಸಿಯನ್ನು ಡಿಸಿ ಮಾಡಿ ಕಳಿಸುತ್ತಾರೆ, ಕೋಲಾರದಲ್ಲಿ ಮತ್ತೆ ಎಸಿ ಮಾಡುತ್ತಾರೆ. ಎಷ್ಟು ಹರಿಯಬೇಕೆಂದು ಕಂಟ್ರೋಲ್ ರೂಮಿನಲ್ಲಿ ಕೂತವರೇ ನಿಗದಿ ಮಾಡಬಹುದು. ಕರೆಂಟಿಗೂ ಕಟ್ಟ ಹಾಕಿದಂತಾಯಿತು.

ಅದರ ಬೆಲೆ ಗೊತ್ತಾದದ್ದು 2012ರ ಜುಲೈ 30 ಮತ್ತು 31ರಂದು. ಮಧ್ಯಪ್ರದೇಶದ ಬೀನಾ–ಗ್ವಾಲಿಯರ್ ಲೈನ್ ಹೊರೆ ತಾಳದೆ ಟ್ರಿಪ್ ಆಯಿತು, ಹಿಂದೆಯೇ ಒಂದೊಂದಾಗಿ ಉಳಿದ ಲೈನುಗಳು. ಎರಡನೇ ದಿನ ಉತ್ತರ, ಪೂರ್ವ, ಈಶಾನ್ಯ ಭಾರತ ಕತ್ತಲಾಯಿತು. ರೈಲುಗಳು ನಡುದಾರಿಯಲ್ಲಿ ನಿಂತವು. ದಕ್ಷಿಣದ ಜಾಲ ಬೀಳಲಿಲ್ಲ, ಏಕೆಂದರೆ ಅದು ಉಳಿದ ದೇಶಕ್ಕೆ ಜೋಡಿಯಾಗಿದ್ದದ್ದು ಕೋಲಾರದಂಥ ಡಿಸಿ ಕೊಂಡಿಗಳಿಂದ. ಅಲ್ಲಿನ ಏರುಪೇರು ಕೊಂಡಿ ದಾಟಿ ಇತ್ತ ಬರಲಿಲ್ಲ.

ಹಾಗೆಂದು ದಕ್ಷಿಣ ಬೇರೆಯಾಗಿಯೇ ಉಳಿಯುವಂತಿರಲಿಲ್ಲ. ಬೇಸಿಗೆಯ ಕೊರತೆಗೆ ಉತ್ತರದ ಕರೆಂಟು ಇನ್ನಷ್ಟು ಬೇಕಿತ್ತು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಎಸಿ ಲೈನ್ ದಕ್ಷಿಣವನ್ನು ದೇಶದ ಜಾಲಕ್ಕೆ ಸೇರಿಸಿತು. ಅಂದಿನಿಂದ ಎಲ್ಲೂರಿನ ಯಂತ್ರಗಳೂ ಕಾಶ್ಮೀರದವೂ ಒಂದೇ ತಾಳಕ್ಕೆ ತಿರುಗುತ್ತಿವೆ.