ಗಡಿನಾಡಿನ ಶಾಂತಿಗೆ ಮನಃಸಾಕ್ಷಿಯೇ ಕಾವಲು

ಉದಗೀರ ಎಂದೊಡನೆ ಇತಿಹಾಸ ಬಲ್ಲವರಿಗೆ ನೆನಪಾಗುವುದು 1760ರ ಯುದ್ಧ. ಆ ವರ್ಷದ ಫೆಬ್ರವರಿಯಲ್ಲಿ ಸದಾಶಿವರಾವ ಭಾವೂನ ಮರಾಠಾ ಸೈನ್ಯ ಇಲ್ಲಿ ನಿಜಾಮನ ಸೈನ್ಯವನ್ನು ಸೋಲಿಸಿತು. ಆದರೆ ಊರಿಗೆ ಹೆಸರು ಬಂದದ್ದು ಸೇನಾಪತಿಯಿಂದಲ್ಲ, ತಪಸ್ವಿಯಿಂದ. ಉದಯಗಿರಿ ಋಷಿಗಳ ಹೆಸರೇ ಉದಗೀರವಾಯಿತೆಂಬುದು ಭಕ್ತರ ನಂಬಿಕೆ. ಅವರ ಸನ್ನಿಧಿ ಕೋಟೆಯೊಳಗೇ ಇದೆ. ಊರಿನ ಹೊರಗನ್ನು ಕಾಯಲು ಕೋಟೆ ಬೇಕಾಯಿತು. ಒಳಗನ್ನು ಕಾಯುವುದು ಮನಃಸಾಕ್ಷಿ ಮಾತ್ರ. ಈ ಗಡಿನಾಡಿನ ಇತಿಹಾಸ ಅದನ್ನೇ ಮತ್ತೆ ಮತ್ತೆ ಹೇಳುತ್ತದೆ.

ಕಲ್ಯಾಣದ ಬೆಳಕು

ಉದಗೀರ, ನಿಲಂಗಾ, ಉಮರ್ಗಾ ಈ ಮೂರೂ ಬಸವಕಲ್ಯಾಣದ ನೆರೆಯ ನೆಲಗಳು. ಹನ್ನೆರಡನೆಯ ಶತಮಾನದ ಶರಣರು ತಮ್ಮ ವಚನಗಳನ್ನು ಇಷ್ಟದೈವದ ಅಂಕಿತದಿಂದ ಮುಗಿಸಿದರು. ಆಡಿದ ಮಾತಿಗೆ ದೇವರೇ ಸಾಕ್ಷಿ ಎಂಬುದು ಅದರ ಭಾವ. ದೇವರನ್ನು ಸಾಕ್ಷಿಯಾಗಿಟ್ಟವನು ನುಡಿದಂತೆ ನಡೆಯಲೇಬೇಕು. ಸಮಗಾರ ಹರಳಯ್ಯನವರೂ ಬ್ರಾಹ್ಮಣ ಕುಲದ ಮಧುವರಸರೂ ಬೀಗರಾದದ್ದು ಇಂಥ ಅಂತಃಸಾಕ್ಷಿಯ ಬಲದಿಂದ. ಅದಕ್ಕಾಗಿ ಅವರು ಪ್ರಾಣವನ್ನೇ ತೆತ್ತರೆಂದೂ ಆ ಬಳಿಕ ಕಲ್ಯಾಣದಲ್ಲಿ ರಕ್ತ ಹರಿಯಿತೆಂದೂ ಪರಂಪರೆ ಹೇಳುತ್ತದೆ. ಕೆಲವರ ಮನಃಸಾಕ್ಷಿ ಎಚ್ಚೆತ್ತರೆ ಸಾಲದು, ನೆರೆಹೊರೆಯದೂ ಎಚ್ಚರವಾಗಬೇಕು. ಇದು ಕಲ್ಯಾಣದ ಪಾಠ.

ಮಠದೊಳಗಿನ ಅಕ್ಷರದೀಪ

ನಿಜಾಮರ ಆಳ್ವಿಕೆಯಲ್ಲಿ ಉರ್ದುವಿಗೆ ರಾಜಾಶ್ರಯವಿತ್ತು, ಕನ್ನಡಕ್ಕೆ ನೆಲೆಯಿರಲಿಲ್ಲ. ಉದಗೀರದ ನೆರೆಯ ಕಮಲನಗರದಲ್ಲಿ 1890ರಲ್ಲಿ ಜನಿಸಿದ ಪೂಜ್ಯ ಡಾ. ಚನ್ನಬಸವ ಪಟ್ಟದ್ದೇವರು ಆಗ ಕೈಗೆ ಕತ್ತಿ ಕೊಡಲಿಲ್ಲ, ಬಳಪ ಕೊಟ್ಟರು. ಹೊರಗೆ ಉರ್ದು ಫಲಕ, ಒಳಗೆ ಕನ್ನಡ ಪಾಠ! ಜಾತಿ ಕೇಳದೆ ಬಡ ಮಕ್ಕಳಿಗೆ ಅನ್ನ, ಆಶ್ರಯ ನೀಡಿದರು. ಅನ್ಯಾಯವೆಂದು ಕಂಡದ್ದಕ್ಕೆ ಮಣಿಯದೆ, ಯಾರನ್ನೂ ದ್ವೇಷಿಸದೆ 1999ರವರೆಗೆ ಬಾಳಿದ ಈ ಭಾಲ್ಕಿಯ ಮಠಾಧೀಶರು ಮನಃಸಾಕ್ಷಿಯ ಮೌನಬಲಕ್ಕೆ ನಿದರ್ಶನ.

1948ರ ಕಠಿಣ ಪರೀಕ್ಷೆ

1948ರಲ್ಲಿ ಈ ನಾಡಿಗೆ ಕಠಿಣ ಪರೀಕ್ಷೆ ಒದಗಿತು. ಉದಗೀರ, ನಿಲಂಗಾಗಳು ಅಂದು ಬೀದರ ಜಿಲ್ಲೆಯಲ್ಲಿದ್ದವು. ರಜಾಕಾರರ ದಾಳಿಗೆ ಹಳ್ಳಿಗಳು ತತ್ತರಿಸಿದವು. ಮೇ ತಿಂಗಳಲ್ಲಿ ಬೀದರ ಜಿಲ್ಲೆಯ ಗೋರ್ಟಾ ಗ್ರಾಮದಲ್ಲಿ ನಡೆದ ನರಮೇಧವನ್ನು ಈ ಭಾಗದ ಜನ ಇಂದಿಗೂ ಕಣ್ಣೀರಿನಿಂದ ನೆನೆಯುತ್ತಾರೆ. ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಹೈದರಾಬಾದ ಸಂಸ್ಥಾನವನ್ನು ಪ್ರವೇಶಿಸಿತು. 17ರಂದು ನಿಜಾಮರು ಶರಣಾದರು. ಜನ ನಿಟ್ಟುಸಿರುಬಿಟ್ಟರು.

ಆದರೆ ಅಲ್ಲಿಗೇ ಮುಗಿಯಲಿಲ್ಲ. ಸೇಡಿನ ಕಿಚ್ಚು ಈಗ ಇನ್ನೊಂದು ಕಡೆ ತಿರುಗಿತು. ರಜಾಕಾರರ ಪಾಪದಲ್ಲಿ ಪಾಲಿಲ್ಲದ ಮುಸ್ಲಿಂ ಕುಟುಂಬಗಳೂ ಅದಕ್ಕೆ ಬಲಿಯಾದವು. ಕೇಂದ್ರ ಸರ್ಕಾರ ಕಳುಹಿಸಿದ ಪಂಡಿತ ಸುಂದರಲಾಲ ಸಮಿತಿ ಅದೇ ವರ್ಷದ ಕೊನೆಯಲ್ಲಿ ಸಂಸ್ಥಾನದಲ್ಲಿ ಸಂಚರಿಸಿ, ಸತ್ತವರ ಸಂಖ್ಯೆ 27,000ದಿಂದ 40,000ದಷ್ಟಿರಬಹುದೆಂದು ಅಂದಾಜು ಮಾಡಿತು. ಹೆಚ್ಚು ನೊಂದ ನಾಲ್ಕು ಜಿಲ್ಲೆಗಳೆಂದರೆ ಉಸ್ಮಾನಾಬಾದ, ಗುಲಬರ್ಗಾ, ಬೀದರ ಹಾಗೂ ನಾಂದೇಡ. ಬಹುಕಾಲ ಪ್ರಕಟವಾಗದಿದ್ದ ಆ ವರದಿ 2013ರಲ್ಲಷ್ಟೇ ಸಾರ್ವಜನಿಕರ ಓದಿಗೆ ದೊರೆಯಿತು.

ಅದೇ ವರದಿಯಲ್ಲಿ ಇನ್ನೊಂದು ಸಂಗತಿಯೂ ದಾಖಲಾಗಿದೆ. ಎಷ್ಟೋ ಕಡೆ ಹಿಂದೂಗಳು ತಮ್ಮ ಮುಸ್ಲಿಂ ನೆರೆಯವರನ್ನು ಪ್ರಾಣದ ಹಂಗು ತೊರೆದು ಕಾಪಾಡಿದರು. ಹಿಂದೂ ನೇಕಾರರು ಮುಸ್ಲಿಂ ನೇಕಾರರಿಗೆ ಅಡ್ಡವಾಗಿ ನಿಂತರು. ಕೆಲವರು ಜೀವವನ್ನೇ ಕಳೆದುಕೊಂಡರು. ಅಪಹರಣಕ್ಕೊಳಗಾದ ಹೆಣ್ಣುಮಕ್ಕಳನ್ನು ಮರಳಿ ತರಲು ಅನೇಕ ಹಿಂದೂಗಳು ನೆರವಾದರು.

ಇವರು ಅರಸರಲ್ಲ, ಪಂಡಿತರೂ ಅಲ್ಲ. ಮಗ್ಗದ ಮುಂದೆ ಕುಳಿತು ದುಡಿದು ಉಂಡವರು. ನೇಕಾರ ಶರಣ ಜೇಡರ ದಾಸಿಮಯ್ಯನವರ ನಾಡಿನಲ್ಲಿ ಕಾಯಕದ ನಂಟು ಮತದ ಗೋಡೆಯನ್ನು ದಾಟಿತು. ಗುಂಪು ಕೂಗುವಾಗ ಗುಂಪಿನೊಡನೆ ಕೂಗುವುದು ಸುಲಭ. ತನ್ನವರೇ ತಪ್ಪು ಮಾಡುವಾಗ "ಇದು ಸಲ್ಲದು" ಎಂದು ಬಾಗಿಲಿಗೆ ಅಡ್ಡ ನಿಲ್ಲುವುದೇ ನಿಜವಾದ ಧರ್ಮ. ಗೋರ್ಟಾದವರ ನೋವಿಗೂ ಆನಂತರ ಮಡಿದವರ ನೋವಿಗೂ ಒಂದೇ ಕಣ್ಣಿನಿಂದ ನೀರು ಬಂದರೆ ಮಾತ್ರ ಅದು ಮನಃಸಾಕ್ಷಿಯೆನಿಸುತ್ತದೆ.

ಭಕ್ತರ ಸಂಕಲ್ಪ

ಶಾಂತಿಯ ಸಂಸ್ಕೃತಿ ಬೆಳೆಯಬೇಕೆಂದು ವಿಶ್ವಸಂಸ್ಥೆ 1999ರಲ್ಲಿ ಘೋಷಣೆ ಹೊರಡಿಸಿತು. 2019ರಲ್ಲಿ ಏಪ್ರಿಲ್ 5ನ್ನು ಅಂತರರಾಷ್ಟ್ರೀಯ ಆತ್ಮಸಾಕ್ಷಿ ದಿನವೆಂದು ಸಾರಿತು. ಜಗತ್ತು ಇಂದು ಹುಡುಕುತ್ತಿರುವುದನ್ನು ಮಗ್ಗದ ಮುಂದಿನ ಆ ಜನ ಅಂದೇ ಬಾಳಿ ತೋರಿದ್ದರು.

1956ರಲ್ಲಿ ರಾಜ್ಯಗಳ ಗಡಿ ಬದಲಾಗಿ ಉದಗೀರ, ನಿಲಂಗಾಗಳು ಬೀದರಿನಿಂದ ಬೇರೆಯಾದವು. ಗಡಿ ಬದಲಾದರೂ ಮನೆಮಾತು ಬದಲಾಗಲಿಲ್ಲ, ನೆರೆಹೊರೆಯೂ ಬದಲಾಗಲಿಲ್ಲ. ಕನ್ನಡ, ಮರಾಠಿ, ಉರ್ದು ಮೂರೂ ಒಂದೇ ಸಂತೆಯಲ್ಲಿ ಕೇಳಿಬರುವ ಈ ನೆಲದಲ್ಲಿ ಶಾಂತಿ ಎಂಬುದು ದೂರದ ಮಾತಲ್ಲ, ಪಕ್ಕದ ಮನೆಯ ಮಾತು. ದೇವರ ಮುಂದೆ ಕೈಮುಗಿದು ಕಣ್ಣು ಮುಚ್ಚಿದಾಗ ಪ್ರತಿಯೊಬ್ಬ ಭಕ್ತನಿಗೂ ಎದುರಾಗುವುದು ತನ್ನದೇ ಅಂತಃಸಾಕ್ಷಿ. ಅದರ ಮಾತನ್ನು ಗುಡಿಯಿಂದ ಮನೆಗೆ, ಮನೆಯಿಂದ ಓಣಿಗೆ ಕೊಂಡೊಯ್ದಾಗಲೇ ಜಾತ್ರೆ ಸಾರ್ಥಕ, ತೇರು ಎಳೆದ ಕೈಗಳೂ ಧನ್ಯ.