ಟ್ರಾನ್ಸ್‌ಮಿಷನ್ ಪ್ಯಾನ್

ಟ್ರಾನ್ಸ್‌ಮಿಷನ್ ಪ್ಯಾನ್ ಎಂಬುದು ವಾಹನದ ಸ್ವಯಂಚಾಲಿತ ಗೇರ್‌ಬಾಕ್ಸಿನ ತಳವನ್ನು ಮುಚ್ಚಿ, ಅದರೊಳಗಿನ ಎಣ್ಣೆಯನ್ನು ಹಿಡಿದಿಡುವ ತಟ್ಟೆಯಾಕಾರದ ಭಾಗ. ಎಂಜಿನ್ನಿನ ಎಣ್ಣೆತಟ್ಟೆಯನ್ನು ಗ್ಯಾರೇಜುಗಳಲ್ಲಿ ‘ಚೇಂಬರ್’ ಎನ್ನುವಂತೆ ಇದನ್ನೂ ಗೇರ್‌ಬಾಕ್ಸಿನ ಚೇಂಬರ್ ಎನ್ನುವುದುಂಟು. ಎಣ್ಣೆಯನ್ನು ಹೊರಬಿಡುವ ತಿರುಪು ಬಿರಡೆ, ಅಂದರೆ ಡ್ರೈನ್ ಪ್ಲಗ್, ಅನೇಕ ವಾಹನಗಳ ಮೂಲ ಪ್ಯಾನಿನಲ್ಲಿ ಇರುವುದಿಲ್ಲ. ಅಂಥ ಪ್ಯಾನನ್ನು ತೆಗೆದು ಪ್ಲಗ್ ಇರುವ ಪ್ಯಾನನ್ನು ಜೋಡಿಸುವುದು ಎಣ್ಣೆ ಬದಲಾವಣೆಯನ್ನು ಸುಲಭಗೊಳಿಸಲು ಮಾಡುವ ಒಂದು ಸಾಮಾನ್ಯ ಮಾರ್ಪಾಡು.

ರಚನೆ ಮತ್ತು ಕಾರ್ಯ

ಸ್ವಯಂಚಾಲಿತ ಗೇರ್‌ಬಾಕ್ಸಿನಲ್ಲಿ ಎಣ್ಣೆಯು ಕೇವಲ ಜಾರುಗುಣವನ್ನು ಒದಗಿಸುವ ವಸ್ತುವಲ್ಲ. ಟಾರ್ಕ್ ಕನ್ವರ್ಟರಿನೊಳಗೆ ಎಂಜಿನ್ನಿನ ಶಕ್ತಿಯನ್ನು ಸಾಗಿಸುವುದು, ಒತ್ತಡದ ಮೂಲಕ ಕ್ಲಚ್‌ಗಳನ್ನು ಬಿಗಿಹಿಡಿದು ಗೇರ್ ಬದಲಾಯಿಸುವುದು, ಉಷ್ಣವನ್ನು ಹೊರಗೊಯ್ಯುವುದು, ಇವೆಲ್ಲವೂ ಅದರ ಕೆಲಸಗಳು. ಪ್ಯಾನಿನಲ್ಲಿ ಸಂಗ್ರಹವಾದ ಎಣ್ಣೆಯನ್ನು ಪಂಪು ಫಿಲ್ಟರಿನ ಮೂಲಕ ಮೇಲಕ್ಕೆಳೆಯುತ್ತದೆ. ಪ್ಯಾನಿನ ತಳದಲ್ಲಿ ಸಾಮಾನ್ಯವಾಗಿ ಒಂದೆರಡು ಅಯಸ್ಕಾಂತಗಳಿದ್ದು, ಸವೆತದಿಂದ ಬಂದ ಕಬ್ಬಿಣದ ಪುಡಿಯನ್ನು ಹಿಡಿದಿಡುತ್ತವೆ. ಪ್ಯಾನು ಮತ್ತು ಗೇರ್‌ಬಾಕ್ಸಿನ ನಡುವೆ ಗ್ಯಾಸ್ಕೆಟ್ (ಆಡುಮಾತಿನಲ್ಲಿ ‘ಪ್ಯಾಕಿಂಗ್’) ಇರುತ್ತದೆ.

ಎಣ್ಣೆ ಹಳೆಯದಾದಂತೆ ಅದರ ಗುಣಗಳು ಕುಂದುತ್ತವೆ. ಗೇರ್ ತಡವಾಗಿ ಬೀಳುವುದು, ಬದಲಾಗುವಾಗ ಧಕ್ಕೆಯಾಗುವುದು, ಏರಿನಲ್ಲಿ ಜಾರುವುದು ಇದರ ಲಕ್ಷಣಗಳಾಗಿರಬಹುದು. ಗೇರ್‌ಬಾಕ್ಸನ್ನು ಬಿಚ್ಚಿ ಸರಿಪಡಿಸುವ ಖರ್ಚಿನ ಮುಂದೆ ಎಣ್ಣೆ ಬದಲಾವಣೆಯ ಖರ್ಚು ಅತ್ಯಲ್ಪ.

ಡ್ರೈನ್ ಪ್ಲಗ್ಗಿನ ಪ್ರಶ್ನೆ

ಜನರಲ್ ಮೋಟರ್ಸ್ ಸಂಸ್ಥೆಯು 1939ರಲ್ಲಿ ಪರಿಚಯಿಸಿದ ಹೈಡ್ರಾಮ್ಯಾಟಿಕ್, ಭಾರಿ ಪ್ರಮಾಣದಲ್ಲಿ ತಯಾರಾದ ಮೊದಲ ಪೂರ್ಣ ಸ್ವಯಂಚಾಲಿತ ಗೇರ್‌ಬಾಕ್ಸ್. ಮುಂದಿನ ದಶಕಗಳಲ್ಲಿ ಅಮೆರಿಕದ ಅನೇಕ ಗೇರ್‌ಬಾಕ್ಸ್‌ಗಳು ಅಚ್ಚೊತ್ತಿದ ಉಕ್ಕಿನ ತಗಡಿನ, ಪ್ಲಗ್ ಇಲ್ಲದ ಪ್ಯಾನಿನೊಂದಿಗೆ ಬಂದವು. ಇವುಗಳಲ್ಲಿ ಎಣ್ಣೆ ತೆಗೆಯಬೇಕಾದರೆ ಬೋಲ್ಟುಗಳನ್ನು ಒಂದು ಬದಿಯಿಂದ ಸಡಿಲಿಸಿ ಇಡೀ ಪ್ಯಾನನ್ನು ಬಾಗಿಸಬೇಕು. ಹಲವು ಲೀಟರ್ ಎಣ್ಣೆ ಅಂಚಿನುದ್ದಕ್ಕೂ ಸುರಿದು, ಕೆಲಸ ಮಾಡುವವನ ಕೈಯೂ ನೆಲವೂ ತೊಯ್ಯುತ್ತವೆ. ಪ್ಯಾನು ತೆಗೆದರೆ ಫಿಲ್ಟರನ್ನೂ ಬದಲಾಯಿಸಲೇಬೇಕಾಗುತ್ತದೆ ಎಂಬುದು ತಯಾರಕರ ಪರವಾಗಿ ಹೇಳಬಹುದಾದ ಮಾತು. ಆದರೆ ವಾಸ್ತವದಲ್ಲಿ ಕೆಲಸ ಕ್ಲಿಷ್ಟವಾದಷ್ಟೂ ಅದನ್ನು ಮುಂದೂಡುವ ಪ್ರವೃತ್ತಿಯೇ ಹೆಚ್ಚು.

ಇದಕ್ಕೆ ‘ಜೀವನಪರ್ಯಂತದ ಎಣ್ಣೆ’ ಎಂಬ ಪ್ರಚಾರವೂ ಸೇರಿಕೊಂಡಿತು. ಯಾರ ಜೀವನ, ವಾಹನದ್ದೋ ವಾರಂಟಿಯದ್ದೋ ಎಂಬುದು ಅದರಲ್ಲಿ ಸ್ಪಷ್ಟವಿರುವುದಿಲ್ಲ. ಕೆಲವು ಕಾರು ತಯಾರಕರು ಹೀಗೆ ಹೇಳಿದರೂ, ಅವರಿಗೆ ಗೇರ್‌ಬಾಕ್ಸ್ ಪೂರೈಸುವ ಜರ್ಮನಿಯ ಜೆಡ್‌ಎಫ್ ಸಂಸ್ಥೆಯು ಬಳಕೆಯ ತೀವ್ರತೆಗೆ ಅನುಸಾರವಾಗಿ 80,000ದಿಂದ 1,20,000 ಕಿ.ಮೀ. ಒಳಗೆ ಅಥವಾ 8 ವರ್ಷಕ್ಕೊಮ್ಮೆ ಎಣ್ಣೆ ಬದಲಾಯಿಸಲು ಸೂಚಿಸುತ್ತದೆ. ಈ ಸಂಸ್ಥೆಯ 6ಎಚ್‌ಪಿ ಮತ್ತು 8ಎಚ್‌ಪಿ ಶ್ರೇಣಿಯ ಅನೇಕ ಗೇರ್‌ಬಾಕ್ಸ್‌ಗಳಲ್ಲಿ ಪ್ಯಾನು ಪ್ಲಾಸ್ಟಿಕ್ಕಿನದು. ಪ್ಲಗ್ ಇದ್ದರೂ ಫಿಲ್ಟರು ಪ್ಯಾನಿನೊಳಗೇ ಬೆಸೆದಿರುವುದರಿಂದ, ಫಿಲ್ಟರ್ ಬದಲಾಯಿಸಲು ಇಡೀ ಪ್ಯಾನನ್ನೇ ಬದಲಾಯಿಸಬೇಕು. ಅದರ ಬದಲು ಲೋಹದ ಪ್ಯಾನು ಮತ್ತು ಪ್ರತ್ಯೇಕ ಫಿಲ್ಟರನ್ನು ಜೋಡಿಸುವ ರೂಢಿ ಇದೆ.

ಪ್ಯಾನಿನ ಮಾರ್ಪಾಡು

ಅತ್ಯಂತ ಅಗ್ಗದ ವಿಧಾನವೆಂದರೆ ಮೂಲ ಪ್ಯಾನಿಗೇ ರಂಧ್ರ ಕೊರೆದು ಒಳಗೂ ಹೊರಗೂ ನಟ್ಟು ಬಿಗಿಯುವ ಪ್ಲಗ್ ಕೂರಿಸುವುದು. ತಗಡು ತೆಳುವಾದ್ದರಿಂದ ಕ್ರಮೇಣ ಎಣ್ಣೆ ಒಸರುವ ಸಂಭವವಿದೆ. ಒಳಗಿನ ನಟ್ಟು ಫಿಲ್ಟರಿಗೆ ತಾಗದಂತೆ ಜಾಗ ಆರಿಸಬೇಕು. ದಪ್ಪ ನಟ್ಟನ್ನು ಬೆಸುಗೆ ಹಾಕಿಸುವುದು ಇದಕ್ಕಿಂತ ಭದ್ರ. ಕೊರೆಯುವುದಾಗಲಿ ಬೆಸೆಯುವುದಾಗಲಿ ಪ್ಯಾನನ್ನು ಕಳಚಿ, ಎಣ್ಣೆಯ ಅಂಶವಿಲ್ಲದಂತೆ ತೊಳೆದ ಮೇಲೆಯೇ ನಡೆಯಬೇಕು. ಲೋಹದ ಚೂರು ಒಳಗುಳಿದರೆ ಮಾರ್ಪಾಡಿನ ಉದ್ದೇಶವೇ ಹಾಳು.

ಎರಕದ ಅಲ್ಯೂಮಿನಿಯಂ ಪ್ಯಾನುಗಳು ದುಬಾರಿ. ಇವುಗಳ ತುದಿಯಲ್ಲಿ ಅಯಸ್ಕಾಂತವಿರುವ ಪ್ಲಗ್ ಇರುವುದುಂಟು. ಅವು ಆಳವಾಗಿರುವುದರಿಂದ ಹೆಚ್ಚು ಎಣ್ಣೆ ಹಿಡಿಸುತ್ತವೆ. ಹೆಚ್ಚುವರಿ ಎಣ್ಣೆ ಬಿಸಿಯೇರಲು ಹೆಚ್ಚು ಸಮಯ ಬೇಕೆಂಬುದು ನಿಜ. ಆದರೆ ಹೊರಗಿನ ರೆಕ್ಕೆಗಳಿಂದಲೇ ಗೇರ್‌ಬಾಕ್ಸ್ ತಣ್ಣಗಾಗುತ್ತದೆ ಎಂಬ ಮಾರಾಟಗಾರರ ಮಾತನ್ನು ಪೂರ್ತಿ ನಂಬಬೇಕಾಗಿಲ್ಲ. ಆ ಹೊಣೆ ಮುಖ್ಯವಾಗಿ ಎಣ್ಣೆಯ ಕೂಲರಿನದು. ಆಳವಾದ ಪ್ಯಾನಿಗೆ ಕೆಲವೊಮ್ಮೆ ಫಿಲ್ಟರಿನ ಉದ್ದವನ್ನೂ ಹೆಚ್ಚಿಸಬೇಕಾಗುತ್ತದೆ. ಎತ್ತರದ ರೋಡ್‌ಹಂಪ್‌ಗಳಿರುವ ಭಾರತೀಯ ರಸ್ತೆಗಳಲ್ಲಿ ಕೆಳಕ್ಕೆ ಚಾಚಿದ ಪ್ಯಾನು ತಗಲುವ ಅಪಾಯವೂ ಉಂಟು.

ಎಣ್ಣೆ ಬದಲಾವಣೆ

ಪ್ಲಗ್ ತೆಗೆದರೆ ಎಲ್ಲ ಎಣ್ಣೆಯೂ ಹೊರಬರುತ್ತದೆ ಎಂಬ ಕಲ್ಪನೆ ತಪ್ಪು. ಟಾರ್ಕ್ ಕನ್ವರ್ಟರ್, ಕೂಲರ್ ಮತ್ತು ಕೊಳವೆಗಳಲ್ಲಿ ಅರ್ಧ ಅಥವಾ ಅದಕ್ಕಿಂತ ಹೆಚ್ಚು ಎಣ್ಣೆ ಉಳಿದಿರುತ್ತದೆ. ಒಂದು ಸಲಕ್ಕೆ ಅರ್ಧದಷ್ಟು ಬದಲಾಗುತ್ತದೆ ಎಂದಿಟ್ಟುಕೊಂಡರೆ, ನಡುವೆ ವಾಹನ ಓಡಿಸಿ ಮೂರು ಸಲ ಹೀಗೆ ಮಾಡಿದಾಗ ಹಳೆಯ ಎಣ್ಣೆ ಸುಮಾರು ಎಂಟನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಪ್ಲಗ್ ಇರುವ ಪ್ಯಾನಿನ ನಿಜವಾದ ಲಾಭ ಇಲ್ಲಿದೆ: ಪ್ರತಿ ಸಲವೂ ಪ್ಯಾನು ಬಿಚ್ಚಬೇಕಾಗಿಲ್ಲ. ಫಿಲ್ಟರ್ ಬದಲಿಸುವಾಗ ಮಾತ್ರ ಬಿಚ್ಚಿದರೆ ಸಾಕು.

ಹೊರಬಿಟ್ಟ ಎಣ್ಣೆಯನ್ನು ಅಳೆದು, ಅಷ್ಟೇ ಎಣ್ಣೆಯನ್ನು ತುಂಬುವುದು ಮೊದಲ ಹೆಜ್ಜೆ. ಅಂತಿಮ ಮಟ್ಟವನ್ನು ತಯಾರಕರು ಹೇಳಿದ ಉಷ್ಣತೆಯಲ್ಲಿ ಪರೀಕ್ಷಿಸಬೇಕು. ಡಿಪ್‌ಸ್ಟಿಕ್ ಇಲ್ಲದ ಗೇರ್‌ಬಾಕ್ಸ್‌ಗಳಲ್ಲಿ ಸಾಮಾನ್ಯವಾಗಿ ಎಂಜಿನ್ ಚಾಲೂ ಇರುವಾಗ ಮಟ್ಟದ ರಂಧ್ರದಿಂದ ಎಣ್ಣೆ ತೆಳುವಾಗಿ ಹರಿಯುವುದೇ ಗುರುತು. ಎಣ್ಣೆಯ ದರ್ಜೆಯಲ್ಲಿ ರಾಜಿ ಸಲ್ಲದು. ಸಿವಿಟಿ ಗೇರ್‌ಬಾಕ್ಸಿನ ಎಣ್ಣೆಯೇ ಬೇರೆ.

ಅಯಸ್ಕಾಂತದ ಮೇಲೆ ಬೂದುಬಣ್ಣದ ನುಣುಪಾದ ಕೆಸರು ಕಂಡರೆ ಅದು ಸಹಜ ಸವೆತ. ಚೂಪಾದ ಚೂರುಗಳು ಕಂಡರೆ ಒಳಗಿನ ಭಾಗ ಮುರಿದಿರಬಹುದು. ಸುಟ್ಟ ವಾಸನೆ ಕ್ಲಚ್ ಕರಕಾದುದರ ಸೂಚನೆ. ಹಾಲು ಬೆರೆತಂತೆ ಕಂಡರೆ ರೇಡಿಯೇಟರಿನ ನೀರು ಸೇರಿರಬಹುದು.

ಹುಬ್ಬಳ್ಳಿ–ಧಾರವಾಡದಲ್ಲಿ

ಅವಳಿನಗರದಲ್ಲಿ ಸ್ವಯಂಚಾಲಿತ ಗೇರ್‌ಬಾಕ್ಸ್ ಸಾಮಾನ್ಯ ಪ್ರಯಾಣಿಕನ ನಿತ್ಯಜೀವನವನ್ನು ಪ್ರವೇಶಿಸಿದ್ದು ‘ಚಿಗರಿ’ ಬಸ್ಸುಗಳ ಮೂಲಕ. ಹುಬ್ಬಳ್ಳಿ–ಧಾರವಾಡ ತ್ವರಿತ ಬಸ್ ಸಾರಿಗೆಯ ಸುಮಾರು 22 ಕಿ.ಮೀ. ಮಾರ್ಗದಲ್ಲಿ 2018ರ ಅಕ್ಟೋಬರ್‌ನಲ್ಲಿ ಪ್ರಾಯೋಗಿಕ ಸಂಚಾರ ಆರಂಭವಾಗಿ, 2020ರ ಫೆಬ್ರವರಿಯಲ್ಲಿ ವಿಧ್ಯುಕ್ತ ಉದ್ಘಾಟನೆ ನಡೆಯಿತು. ನಿಲ್ದಾಣದಿಂದ ನಿಲ್ದಾಣಕ್ಕೆ ನಿಂತು ಹೊರಡುವ ಓಟದಲ್ಲಿ ಟಾರ್ಕ್ ಕನ್ವರ್ಟರು ಬೇಗ ಬಿಸಿಯಾಗುತ್ತದೆ. ಭಾರಿ ಬಸ್ಸುಗಳ ಗೇರ್‌ಬಾಕ್ಸ್‌ಗಳನ್ನು ಡಿಪೋದಲ್ಲೇ ನಿರ್ವಹಿಸುವಂತೆ ರೂಪಿಸಲಾಗುತ್ತದೆ, ಅವುಗಳಿಗೆ ಡ್ರೈನ್ ಪ್ಲಗ್ ಇದ್ದೇ ಇರುತ್ತದೆ. ಕಾರಿನ ಒಡೆಯನಿಗೆ ದೊರೆಯದ ಈ ಅನುಕೂಲ ಬಸ್ಸಿಗೆ ಮೊದಲಿನಿಂದಲೂ ದೊರೆತಿದೆ.

ಹುಬ್ಬಳ್ಳಿಯಿಂದ ಯಲ್ಲಾಪುರದ ಮೂಲಕ ಅಂಕೋಲೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 52ರಲ್ಲಿ ಅರಬೈಲ್ ಘಟ್ಟವಿದೆ. ತುಂಬಿದ ವಾಹನ ಈ ಏರನ್ನು ಹತ್ತುವಾಗ ಎಣ್ಣೆಯ ಉಷ್ಣತೆ ಏರುತ್ತದೆ. ಆಗಾಗ ಘಟ್ಟ ಹತ್ತಿಳಿಯುವ ವಾಹನಗಳಿಗೆ ‘ತೀವ್ರ ಬಳಕೆ’ಯ ಅವಧಿಯನ್ನೇ ಅನುಸರಿಸುವುದು ಯುಕ್ತ. ಎರೆಭೂಮಿಯ ಹಳ್ಳಿಗಳಲ್ಲಿ ಓಡಾಡುವ ವಾಹನದ ಪ್ಯಾನಿಗೆ ಅಂಟಿ ಒಣಗಿದ ಮಣ್ಣು ಕಂಬಳಿ ಹೊದಿಸಿದಂತೆ ಉಷ್ಣವನ್ನು ತಡೆಯುತ್ತದೆ. ಅದನ್ನು ತೊಳೆದ ಮೇಲೆಯೇ ಪ್ಲಗ್ಗಿಗೆ ಪಾನಾ ಹಚ್ಚಬೇಕು.

2014ರಲ್ಲಿ ಮಾರುತಿ ಸೆಲೆರಿಯೊದೊಂದಿಗೆ ಭಾರತದಲ್ಲಿ ಜನಪ್ರಿಯವಾದ ಎಎಂಟಿ ಕಾರುಗಳಿಗೆ ಮೇಲಿನ ವಿವರಗಳು ಅನ್ವಯಿಸುವುದಿಲ್ಲ. ಅವುಗಳಲ್ಲಿರುವುದು ಸಾಮಾನ್ಯ ಗೇರ್‌ಬಾಕ್ಸ್. ಕ್ಲಚ್ ಒತ್ತಿ ಗೇರ್ ಹಾಕುವ ಕೆಲಸವನ್ನಷ್ಟೇ ಯಂತ್ರ ಮಾಡುತ್ತದೆ.

ಬಳಸಿದ ಎಣ್ಣೆಯ ವಿಲೇವಾರಿ

ಭಾರತದಲ್ಲಿ 2016ರ ಅಪಾಯಕಾರಿ ಮತ್ತು ಇತರ ತ್ಯಾಜ್ಯಗಳ ನಿಯಮಗಳು ಬಳಸಿದ ಎಣ್ಣೆಗೂ ಅನ್ವಯಿಸುತ್ತವೆ. ಅದನ್ನು ಚರಂಡಿಗೆ ಸುರಿಯದೆ, ಮುಚ್ಚಳವಿರುವ ಡಬ್ಬದಲ್ಲಿ ಸಂಗ್ರಹಿಸಿ, ಅಧಿಕೃತ ಮರುಸಂಸ್ಕರಣೆಗೆ ಕಳುಹಿಸುವ ಗ್ಯಾರೇಜಿಗೆ ಒಪ್ಪಿಸಬೇಕು. ಪ್ಲಗ್ಗಿನಿಂದ ಒಂದೇ ಧಾರೆಯಾಗಿ ಇಳಿಯುವ ಎಣ್ಣೆಯನ್ನು ಚೆಲ್ಲದೆ ಹಿಡಿಯುವುದು, ಬಾಗಿಸಿದ ಪ್ಯಾನಿನಿಂದ ಸುರಿಯುವುದನ್ನು ಹಿಡಿಯುವುದಕ್ಕಿಂತ ಬಹಳ ಸುಲಭ.