ಮಳಖೇಡದ ಹಾರ, ದೆಹಲಿಯ ಚೌಕ

ದೆಹಲಿಯಲ್ಲಿ ನೆಲೆಸಿರುವ ನಮ್ಮ ಮನೆಗಳಲ್ಲಿ ಮಕ್ಕಳು ಮಗ್ಗಿಯನ್ನು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಒಪ್ಪಿಸುತ್ತಾರೆ. ಕನ್ನಡದ ಅಕ್ಷರಗಳು ಅವರಿಗೆ ದೂರವಾಗುತ್ತಿವೆ. ಅಂಕಿಯಾಟದ ಆಸೆ ಮಾತ್ರ ದೂರವಾಗಿಲ್ಲ. ಆ ದಾರಿಯಿಂದಲೇ ಅವರನ್ನು ಮಳಖೇಡಕ್ಕೆ ಕರೆದೊಯ್ಯಬಹುದೆಂದು ನಮಗೆ ತೋರುತ್ತದೆ.

ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೆಯ ಶತಮಾನದಲ್ಲಿ, ಜೈನ ಗಣಿತಜ್ಞ ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದನು. 1912ರಲ್ಲಿ ಎಂ. ರಂಗಾಚಾರ್ಯರು ಅದನ್ನು ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಪ್ರಕಟಿಸಿದರು. ಗುಣಾಕಾರದ ಪ್ರಕರಣದಲ್ಲಿ ಆಚಾರ್ಯನು ಕೆಲವು ಲೆಕ್ಕಗಳ ಉತ್ತರವನ್ನು ಕೊರಳ ಹಾರಕ್ಕೆ ಹೋಲಿಸುತ್ತಾನೆ. 139ನ್ನು 109ರಿಂದ ಗುಣಿಸಿದರೆ 15151. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. 27994681ನ್ನು 441ರಿಂದ ಗುಣಿಸಿದರೆ 12345654321.

ಇದನ್ನು ಪವಾಡವೆಂದು ಕೊಂಡಾಡಿ ಸುಮ್ಮನಾದರೆ ಆಚಾರ್ಯನಿಗೆ ನ್ಯಾಯ ಸಲ್ಲದು. 441 ಎಂಬುದು 21ರ ವರ್ಗ. 27994681 ಎಂಬುದು 5291ರ ವರ್ಗ. 21ನ್ನು 5291ರಿಂದ ಗುಣಿಸಿದರೆ 111111. ಆದುದರಿಂದ ಈ ಹಾರವು ಆರು ಒಂದುಗಳ ವರ್ಗವೇ ಹೊರತು ಬೇರೇನೂ ಅಲ್ಲ.

12ನೆಯ ಶತಮಾನದಲ್ಲಿ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಬರೆದು ಲೆಕ್ಕವನ್ನು ಕನ್ನಡಕ್ಕೆ ತಂದನು. ಮುಂದೆ ನಾವೀಗ ಬಾಳುತ್ತಿರುವ ಈ ದೆಹಲಿಯಲ್ಲಿಯೇ, ಖಿಲ್ಜಿ ಸುಲ್ತಾನರ ಟಂಕಸಾಲೆಯಲ್ಲಿ ದುಡಿದ ಜೈನ ವಿದ್ವಾಂಸ ಠಕ್ಕರ ಫೇರು ‘ಗಣಿತಸಾರಕೌಮುದಿ’ಯನ್ನು ರಚಿಸಿದನು. ನಾಣ್ಯಗಳ ಬೆಲೆ ಕಟ್ಟುವ ‘ದ್ರವ್ಯಪರೀಕ್ಷಾ’ (1318) ಕೂಡ ಅವನದೇ. ಅವನ ಗಣಿತಗ್ರಂಥದಲ್ಲಿ ಮಾಯಾಚೌಕಗಳಿಗೂ ಸ್ಥಾನವಿದೆ.

1ರಿಂದ 9ರವರೆಗಿನ ಅಂಕಿಗಳನ್ನು ಮೂರು ಸಾಲುಗಳಲ್ಲಿ ಹೀಗೆ ಇಟ್ಟು ನೋಡೋಣ: 2, 7, 6, 9, 5, 1, 4, 3, 8. ಅಡ್ಡ, ನೀಟ, ಮೂಲೆಯಿಂದ ಮೂಲೆಗೆ, ಹೇಗೆ ಕೂಡಿದರೂ 15. ಒಂಬತ್ತು ಅಂಕಿಗಳ ಮೊತ್ತ 45. ಸಾಲುಗಳು ಮೂರಾದ್ದರಿಂದ ಒಂದೊಂದಕ್ಕೂ 15 ಸಲ್ಲಬೇಕು. ನಡುಮನೆಯ ಮೂಲಕ ನಾಲ್ಕು ಸಾಲುಗಳು ಹಾಯುತ್ತವೆ; ಅವುಗಳ ಒಟ್ಟು ಮೊತ್ತ 60. ಅದರಲ್ಲಿ ಎಲ್ಲ ಅಂಕಿಗಳೂ ಒಮ್ಮೆ ಬಂದು, ನಡುವಿನ ಅಂಕಿಯು ಇನ್ನು ಮೂರು ಸಲ ಹೆಚ್ಚಾಗಿ ಬರುತ್ತದೆ. 60ರಲ್ಲಿ 45 ಕಳೆದರೆ 15. ಅದರ ಮೂರನೆಯ ಒಂದು ಪಾಲು 5. ನಡುವೆ ಬೇರೆ ಅಂಕಿಗೆ ಎಡೆಯೇ ಇಲ್ಲ.

ಪರನಾಡಿನಲ್ಲಿರುವ ನಾವು ಮಕ್ಕಳಿಗೆ ನೃಪತುಂಗನ ಹೆಸರನ್ನು ಹೆಮ್ಮೆಯಿಂದ ಹೇಳುತ್ತೇವೆ. ಆ ಹೆಸರಿನ ಜೊತೆಗೆ ಲೆಕ್ಕದ ಕಾರಣವನ್ನೂ ಕೊಡುವುದು ನಮ್ಮ ಹೊಣೆ. ಆಚಾರ್ಯನ ಇನ್ನೊಂದು ಹಾರವನ್ನು ಅವರಿಗೇ ಬಿಡೋಣ: 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳು ಸಾಲಾಗಿ ನಿಲ್ಲುತ್ತವೆ. ಏಕೆಂಬುದನ್ನು ಅವರೇ ಹುಡುಕಲಿ. ಹುಡುಕುವಾಗ ಒಂದು, ಎರಡು, ಮೂರು ಎಂದು ಕನ್ನಡದಲ್ಲಿ ಎಣಿಸಲಿ.